ಹೇಳಿದ್ದು ಹೇಳಿದ ಹಾಗೆ

ಮಕ್ಕಳೇ, ಹೋದ ವಾರ ನಮ್ಮ ಮನೆಯಲ್ಲೊಂದು ಪುಟ್ಟ ಪಂಚಾಯ್ತಿ ನಡೆಯಿತು. ಏಳನೇ ತರಗತಿಯ ನನ್ನ ಮೊಮ್ಮಗಳು ಶಾಲೆಯ ಗೋಡೆಪತ್ರಿಕೆಗಾಗಿ ಹೆಡ್‌ಮಾಸ್ಟರರ ಸಂದರ್ಶನ ಮಾಡಿದ್ದಳು. “ಚಿಕ್ಕವನಿದ್ದಾಗ ಒಮ್ಮೆ ಲೆಕ್ಕದಲ್ಲಿ ಫೇಲಾಗಿದ್ದೆ” ಎಂದು ಅವರು ನಗುತ್ತಾ ಹೇಳಿದ್ದರಂತೆ. ಮರುದಿನ ಅವಳನ್ನು ಕರೆದು, “ಅದು ಬೇಡಮ್ಮಾ, ಲೆಕ್ಕದಲ್ಲಿ ಯಾವಾಗಲೂ ನಾನೇ ಫಸ್ಟು ಅಂತ ಬರೆದುಬಿಡು” ಎಂದರಂತೆ.

“ಈಗೇನು ಮಾಡ್ಲಿ ಅಜ್ಜೀ? ನೀನು ದೊಡ್ಡದೊಡ್ಡವರನ್ನೆಲ್ಲ ಮಾತಾಡಿಸಿದವಳಲ್ವಾ, ಹೇಳು” ಎಂದು ಪಕ್ಕದಲ್ಲಿ ಬಂದು ಕೂತಳು.

ವಾರಪತ್ರಿಕೆಗೆ ಸಂದರ್ಶನ ಬರೆಯುವುದೇ ನನ್ನ ಕೆಲಸವಾಗಿತ್ತು, ನಿಜ. ಆದರೆ ಅವಳಿಗೆ ನನ್ನ ಕತೆ ಹೇಳಲಿಲ್ಲ. ಇಟಲಿಯ ಒರಿಯಾನಾ ಫಲ್ಲಾಚಿಯ ಕತೆ ಹೇಳಿದೆ.

ಒರಿಯಾನಾ ಹುಟ್ಟಿದ್ದು 1929ರಲ್ಲಿ, ಫ್ಲಾರೆನ್ಸ್ ಊರಲ್ಲಿ. ಆಗ ಅಲ್ಲಿ ಮುಸೊಲಿನಿಯ ಸರ್ವಾಧಿಕಾರ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಊರನ್ನು ಹಿಡಿದಾಗ, ಹದಿನಾಲ್ಕರ ಆ ಹುಡುಗಿ ಸೈಕಲ್ ಏರಿ ಹೋರಾಟಗಾರರಿಗೆ ಗುಟ್ಟಿನ ಸಂದೇಶ ಮುಟ್ಟಿಸುತ್ತಿದ್ದಳು. ಅಧಿಕಾರದಲ್ಲಿದ್ದವರಿಗೆ ಹೆದರಬಾರದೆಂಬ ಪಾಠ ಆಗಲೇ ಆಯಿತು.

ಮುಂದೆ ಅವರು ‘ಲೆಯುರೋಪೆಯೊ’ ಎಂಬ ಪತ್ರಿಕೆ ಸೇರಿದರು. ಯಾರನ್ನೇ ಕಾಣುವ ಮೊದಲು ಅವರ ಬಗ್ಗೆ ಸಿಕ್ಕಿದ್ದೆಲ್ಲವನ್ನೂ ಓದುವರು. ಮೇಜಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಗಂಟೆಗಟ್ಟಲೆ ಮಾತಾಡಿಸುವರು.

ಅಜ್ಜ ಅಜ್ಜಿಯರಿಗೆ 1971ರ ಯುದ್ಧ ನೆನಪಿರುತ್ತದೆ. ಮರುವರ್ಷ ಒರಿಯಾನಾ ದೆಹಲಿಗೆ ಬಂದು ಇಂದಿರಾ ಗಾಂಧಿಯವರನ್ನು ಸಂದರ್ಶಿಸಿದರು. ಪಾಕಿಸ್ತಾನದ ಅಧ್ಯಕ್ಷ ಭುಟ್ಟೋ ಬಗ್ಗೆ ಇಂದಿರಾ ಖಾರವಾಗಿಯೇ ಮಾತಾಡಿದ್ದರು. ಅದನ್ನೋದಿದ ಭುಟ್ಟೋ ಒರಿಯಾನಾರನ್ನು ತಮ್ಮಲ್ಲಿಗೂ ಕರೆಸಿಕೊಂಡು, ಇಂದಿರಾ ಬಗ್ಗೆ ಹಗುರವಾಗಿ ಮಾತಾಡಿದರು. ಅದೂ ಅಚ್ಚಾಯಿತು. ಎರಡೂ ದೇಶಗಳ ನಡುವೆ ಶಾಂತಿಯ ಮಾತುಕತೆ ಆಗಬೇಕಿದ್ದ ಹೊತ್ತು ಅದು!

ಆಮೇಲೆ ನಡೆದದ್ದನ್ನು ಒರಿಯಾನಾ ತಾವೇ ಬರೆದಿದ್ದಾರೆ. ಭುಟ್ಟೋ ಕಡೆಯವರು ಬಂದು, “ಆ ಮಾತುಗಳನ್ನು ಅವರು ಆಡಲೇ ಇಲ್ಲ, ನಾನೇ ಕಲ್ಪಿಸಿಕೊಂಡೆ ಎಂದು ಬರೆದುಕೊಡಿ” ಎಂದು ಕೇಳಿದರು. ಶಾಂತಿಯ ವಿಷಯ, ಬರೆಯದಿದ್ದರೆ ಕೋಟಿಗಟ್ಟಲೆ ಜನಕ್ಕೆ ತೊಂದರೆ ಎಂದೂ ಹೇಳಿದರು. ಒರಿಯಾನಾ ಒಪ್ಪಲಿಲ್ಲ. ಆಡಿದ ಮಾತು ಟೇಪಿನಲ್ಲಿತ್ತು. ಕೊನೆಗೆ 1972ರ ಜುಲೈನಲ್ಲಿ ಶಿಮ್ಲಾ ಒಪ್ಪಂದಕ್ಕೆ ಇಬ್ಬರು ನಾಯಕರೂ ಸಹಿ ಹಾಕಿದರು. ಸುಳ್ಳಿನ ಸಹಾಯ ಬೇಕಾಗಲಿಲ್ಲ.

ಮೊಮ್ಮಗಳು ನನ್ನ ಮುಖ ನೋಡಿದಳು. “ನೀನೂ ಹಾಗೇ ಮಾಡ್ತಿದ್ದೆಯಾ ಅಜ್ಜೀ?”

ಏನು ಹೇಳಲಿ? ಒಮ್ಮೆ ಒಬ್ಬ ದೊಡ್ಡ ಮನುಷ್ಯರು ಫೋನ್ ಮಾಡಿ, ತಾವು ಆಡದ ಎರಡು ಒಳ್ಳೆಯ ಮಾತು ಸೇರಿಸಲು ಹೇಳಿದ್ದರು. ನಾನು ಸೇರಿಸಿದೆ. ಓದಿದವರೆಲ್ಲ ಆ ಎರಡು ಮಾತನ್ನೇ ಹೊಗಳಿದರು. ಅಂದು ರಾತ್ರಿ ಊಟ ಸೇರಲಿಲ್ಲ. ಇದನ್ನು ಅವಳಿಗೆ ಹೇಳಿದೆ. ಇವತ್ತು ನಿಮಗೂ ಹೇಳುತ್ತಿದ್ದೇನೆ.

“ಹಾಗಾದ್ರೆ ಸರ್ ಫೇಲಾಗಿದ್ದನ್ನ ಬರೆಯಲೇಬೇಕಾ? ಅವರಿಗೆ ಬೇಜಾರಾಗಲ್ವಾ?”

ಒಳ್ಳೆಯ ಪ್ರಶ್ನೆ. ದೇಶ ಆಳುವವರ ಮಾತು ಬೇರೆ, ಮೇಷ್ಟ್ರ ಬಾಲ್ಯದ ನೆನಪು ಬೇರೆ. ಒಂದು ಸಾಲು ಬಿಟ್ಟರೆ ಯಾರಿಗೂ ಮೋಸವಿಲ್ಲ. ಆದರೆ ಇಲ್ಲದ್ದನ್ನು ಬರೆದರೆ ಓದುವವರಿಗೆ ಮೋಸ.

ಮರುದಿನ ಅವಳು ಹೆಡ್‌ಮಾಸ್ಟರರ ಮುಂದೆ ನಿಂತು, “ಸರ್, ನಿಮಗೆ ಬೇಡ ಅಂದ್ರೆ ಆ ಸಾಲು ಬಿಡ್ತೀನಿ. ಆದ್ರೆ ಫಸ್ಟು ಅಂತ ಬರೆಯಲ್ಲ” ಎಂದಳಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಬಿಡಮ್ಮಾ, ಫೇಲಾಗಿದ್ದೆ ಅಂತಲೇ ಹಾಕು” ಎಂದರಂತೆ.

ಗೋಡೆಪತ್ರಿಕೆಯ ಮುಂದೆ ಈಗ ಹೆಚ್ಚು ಹೊತ್ತು ನಿಲ್ಲುವವರು ಲೆಕ್ಕದಲ್ಲಿ ಹಿಂದಿರುವ ಮಕ್ಕಳೇ ಅಂತೆ.