ಟೈಲ್ಸ್ ಹಾಕುವ ಮೊದಲು ಪೈಪು ಪರೀಕ್ಷಿಸಿ

ಮನೆ ಕಟ್ಟಿಸುವವರು ಸಿಮೆಂಟು, ಕಬ್ಬಿಣದ ದರವನ್ನು ನಾಲ್ಕು ಅಂಗಡಿ ಸುತ್ತಿ ವಿಚಾರಿಸುತ್ತಾರೆ. ಗೋಡೆಯೊಳಗೆ ಹೋಗುವ ನೀರಿನ ಪೈಪನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. ಆಮೇಲೆ ಜೇಬಿಗೆ ಕತ್ತರಿ ಹಾಕುವುದು ಅದೇ ಪೈಪು.

ಅರಸೀಕೆರೆಯ ನಮ್ಮ ಹೊಸ ಮನೆಯಲ್ಲಿ ಬಚ್ಚಲಿಗೆ ಹೊಂದಿಕೊಂಡ ಕೋಣೆಯ ಗೋಡೆ ಕಡು ಬೇಸಿಗೆಯಲ್ಲೇ ತೇವ ಹಿಡಿದು ಬಣ್ಣ ಉಬ್ಬಿತು. ಟೈಲ್ಸ್ ಒಡೆಸಿದಾಗ ಸೋಲಾರ್ ಬಿಸಿನೀರಿನ ಸಿಪಿವಿಸಿ ಪೈಪಿನ ಎಲ್ಬೋ ಜಿನುಗುತ್ತಿತ್ತು. ಪೈಪು ಎಲ್ಬೋದೊಳಗೆ ಅರ್ಧ ಮಾತ್ರ ಇಳಿದಿತ್ತು. ಸಾಲ್ವೆಂಟ್ ಒಂದು ಮಗ್ಗುಲಿಗಷ್ಟೇ ಹತ್ತಿತ್ತು. ಎಲ್ಬೋ ಬೆಲೆ ನೂರು ರೂಪಾಯಿಯೂ ಇಲ್ಲ. ಆದರೆ ಗಾರೆ, ವಾಟರ್‌ಪ್ರೂಫಿಂಗ್, ಬಣ್ಣ ಎಲ್ಲಕ್ಕೂ ಮತ್ತೆ ದುಡ್ಡು ಸುರಿಯಬೇಕಾಯಿತು. ಅದೇ ಟೈಲ್ಸ್ ಮತ್ತೆ ಸಿಗದೆ ಇಡೀ ಗೋಡೆಯದ್ದನ್ನು ಬದಲಿಸಿದೆವು. ಪ್ಲಂಬರ್ ಟೈಲ್ಸ್ ಕೆಲಸದವರ ಮೇಲೆ ಹಾಕಿದರು, ಅವರು ಪ್ಲಂಬರ್ ಮೇಲೆ ಹಾಕಿದರು; ಖರ್ಚು ಬಂದದ್ದು ನಮ್ಮ ತಲೆಗೆ.

ಪ್ಲಂಬರ್‌ಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಪಾಯಿಂಟ್ ಲೆಕ್ಕದಲ್ಲಿ ಕೂಲಿ ಕೊಟ್ಟು, ಗೃಹಪ್ರವೇಶದ ಮುಹೂರ್ತಕ್ಕೆ ಅವಸರಪಡಿಸಿದರೆ ಪರೀಕ್ಷೆಗೆ ಯಾರಿಗೆ ಪುರುಸೊತ್ತು? ಪರೀಕ್ಷೆಯ ದಿನದ ಕೂಲಿಯನ್ನು ಬೇರೆಯಾಗಿ ಕೊಡಬೇಕು.

ಟ್ಯಾಂಕ್ ತುಂಬಿಸಿ ನಲ್ಲಿ ತಿರುಗಿಸಿದರೆ ಪರೀಕ್ಷೆ ಆಗುವುದಿಲ್ಲ. 10 ಮೀಟರ್ ಎತ್ತರದ ನೀರಿಗೆ ಸಿಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ.; ಒಂದಂತಸ್ತಿನ ಮೇಲಿನ ಟ್ಯಾಂಕಿನಿಂದ ಬರುವುದು ಅದರ ಮೂರನೇ ಒಂದು ಭಾಗ. ನಾಳೆ ಪ್ರೆಶರ್ ಪಂಪ್ ಹಾಕಿದರೆ ದುರ್ಬಲ ಜಾಯಿಂಟ್ ಬಿಡುತ್ತದೆ. ಎಲ್ಲ ಪಾಯಿಂಟುಗಳಿಗೆ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ಏರಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿದಿದ್ದರೆ ಪ್ಲಾಸ್ಟರಿಂಗ್ ಬೇಡ. ಗೋಡೆ ಮುಚ್ಚುವ ಮೊದಲು ಅಳತೆ ಟೇಪು ಹಿಡಿದು ಪೈಪಿನ ಫೋಟೊ ತೆಗೆದಿಡಿ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ವಾಲ್ವ್ ಉಪ್ಪು ಕಟ್ಟುತ್ತದೆ. ಅದಕ್ಕೇ ಪ್ರತಿ ಬಚ್ಚಲಿಗೂ ಕೈಗೆಟುಕುವ ವಾಲ್ವ್ ಇರಲಿ.

ಸೋರಿಕೆಯಿಂದ ಗೋಡೆ ಒಡೆಯುವ ಪ್ರಸಂಗ ಬಾರದಂತೆ ಬೇಲೂರು, ಹಳೇಬೀಡಿನವರಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಸಂರಕ್ಷಿತ ದೇವಾಲಯಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಅಲ್ಲಿ ಮನೆ ದುರಸ್ತಿಗೂ ಅನುಮತಿ ಬೇಕು. ಒಡೆದು ಕಟ್ಟುವ ಕೆಲಸವನ್ನು ಅಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನ ವಿನಂತಿ ಇಷ್ಟೆ: ಸೋರಿಕೆಯಾದರೆ ಟೈಲ್ಸ್ ಸಮೇತ ಖರ್ಚು ಯಾರದು ಎಂಬುದನ್ನು ಕರಾರಿನಲ್ಲಿ ಬರೆಸಿ. ಪರೀಕ್ಷೆ ಮುಗಿಯುವವರೆಗೆ ಪ್ಲಂಬಿಂಗ್‌ನ ಕೊನೆಯ ಕಂತು ಕೊಡಬೇಡಿ.