ಮುಖ ನೋಡಿ ಮಣೆ ಹಾಕುವ ವ್ಯಾಪಾರವಲ್ಲ

ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯ ‘ವೈಶಾಲಿ’ಯಲ್ಲಿ ಒಂದು ದಿನ ದೋಸೆ ಕೆಟ್ಟರೆ ನಷ್ಟ ಗಿರಾಕಿಗಿಂತ ಹೋಟೆಲಿನವರಿಗೇ ಹೆಚ್ಚು. ಮರುದಿನ ಆತ ಪಕ್ಕದ ಹೋಟೆಲಿಗೆ ಹೋದಾನು, ಹೋಗುವಾಗ ನಾಲ್ವರನ್ನು ಕರೆದುಕೊಂಡೂ ಹೋದಾನು. ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಆ ಹೋಟೆಲಿನ ಹೆಸರು ದಶಕಗಳ ಕಾಲ ಉಳಿದದ್ದು ಮಾಲೀಕರ ಒಳ್ಳೆಯತನ ಒಂದರಿಂದಲೇ ಅಲ್ಲ, ಅದೇ ಗಿರಾಕಿ ನಾಳೆಯೂ ಬರಬೇಕು ಎಂಬ ಎಚ್ಚರದಿಂದಲೂ. ಇನ್ನು ಅದೇ ಊರಿನಲ್ಲಿ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಎಲ್ಲ ಇರುವ ಹೊಸ ಕ್ಯಾರವಾನ್ ಕೊಳ್ಳಲು ಹೊರಟವರ ಸ್ಥಿತಿ ನೋಡಿ. ಬಹುತೇಕರಿಗೆ ಅದು ಜೀವಮಾನದಲ್ಲಿ ಒಂದೇ ಸಲದ ಖರೀದಿ. ಮಾರುವವನಿಗೆ ಇವರು ನಾಳೆ ಬರುವ ಗಿರಾಕಿಗಳಲ್ಲ. ಹೀಗಿರುವಾಗ ಅವನು ಪ್ರಾಮಾಣಿಕನಾಗಿರಬೇಕು ಎಂದು ಒತ್ತಾಯಿಸುವ ಶಕ್ತಿ ಯಾವುದು?

ನಾವು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ಬದಲಿಗೆ ಪರಿಚಯಸ್ಥರನ್ನು ಹುಡುಕುತ್ತೇವೆ. ಪುಣೆಯ ಕನ್ನಡಿಗರಲ್ಲಿ ಇದು ಹಳೆಯ ರೂಢಿ. ಬಾಡಿಗೆ ಮನೆ ಬೇಕೆಂದರೆ, ಮಗುವಿಗೆ ಶಾಲೆ ಬೇಕೆಂದರೆ ಮೊದಲು ಕನ್ನಡ ಸಂಘದಲ್ಲಿ ಗುರುತಿನವರನ್ನು ವಿಚಾರಿಸುವುದು, ಆಮೇಲೆ ಮಿಕ್ಕದ್ದು. ಮನೆಗೂ ಶಾಲೆಗೂ ಆ ದಾರಿ ಸರಿಯೇ. ಹೇಳಿದವರು ಆ ಮನೆಯಲ್ಲಿ ಇದ್ದು ನೋಡಿರುತ್ತಾರೆ, ಅವರ ಮಕ್ಕಳು ಅದೇ ಶಾಲೆಯಲ್ಲಿ ಓದಿರುತ್ತಾರೆ. ಕ್ಯಾರವಾನ್ ವಿಷಯದಲ್ಲಿ ‘ಅವರು ನಮ್ಮವರು, ಒಳ್ಳೆಯವರು’ ಎನ್ನುವವರಿಗೆ ತಿಳಿದಿರುವುದು ಮಾರುವವನ ನಡತೆ, ಅದೂ ಮದುವೆ-ಮುಂಜಿಯಲ್ಲಿ ಕಂಡದ್ದು. ಗೋಡೆಯ ಒಳಗೆ ಹಾಕಿದ ವೈರಿನ ದಪ್ಪ ಎಷ್ಟು, ಆಕ್ಸಲ್ ಎಷ್ಟು ಭಾರ ತಡೆಯುತ್ತದೆ ಎಂಬುದು ಅವರಿಗೂ ಗೊತ್ತಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲೋಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಸರಕಿನ ಗುಣ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆ ಗಿಟ್ಟದೆ ಒಳ್ಳೆಯ ಸರಕು ಹಿಂದೆ ಸರಿಯುತ್ತದೆ, ಕೆಟ್ಟದ್ದು ಉಳಿಯುತ್ತದೆ ಎಂಬುದು ಅವರ ವಾದ. 2001ರಲ್ಲಿ ನೊಬೆಲ್ ಬಂದದ್ದು ಈ ದಿಕ್ಕಿನ ಕೆಲಸಕ್ಕೇ. ಹೊಸ ಕ್ಯಾರವಾನಿಗೆ ಹಳೆಯ ಕಾರಿನ ಮಾತು ಹೇಗೆ ಅನ್ವಯಿಸುತ್ತದೆ ಎನ್ನಬಹುದು. ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾಗುವ ಹೊಸ ಕಾರಿನ ಗುಣದೋಷ ಊರಿಗೆಲ್ಲ ಗೊತ್ತಿರುತ್ತದೆ. ನಮ್ಮ ದೇಶದಲ್ಲಿ ಕ್ಯಾರವಾನ್ ತಯಾರಾಗುವುದು ಬಿಡಿಬಿಡಿಯಾಗಿ, ಹೆಚ್ಚಿನಂಶ ಕೈಕೆಲಸದಲ್ಲಿ. ಹಾಗಾಗಿ ಅದು ಹೊಸದಾಗಿದ್ದರೂ ಗುಟ್ಟುಗಳ ಮಟ್ಟಿಗೆ ಹಳೆಯ ಕಾರೇ.

ಇಲ್ಲಿ ಪುಣೆಗೆ ಒಂದು ವಿಶೇಷವಿದೆ. ಭಾರತದಲ್ಲಿ ಅನೇಕ ಕ್ಯಾರವಾನ್‌ಗಳಿಗೆ ತಳಹದಿಯಾಗಿರುವ ಟ್ರಾವೆಲರ್ ವ್ಯಾನು ಆಕುರ್ಡಿಯಲ್ಲಿ ನೆಲೆಗೊಂಡ ಫೋರ್ಸ್ ಮೋಟರ್ಸ್‌ನದು. ಹಿಂದೆ ಬಜಾಜ್ ಟೆಂಪೋ ಎಂದಿದ್ದ ಕಂಪನಿ. ಭೋಸರಿ, ಚಾಕಣ ಕಡೆ ಬಾಡಿ ಕಟ್ಟುವ ಕುಶಲರಿಗೆ ಬರವಿಲ್ಲ. ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸ್ಥಾಪನೆಯಾದದ್ದು 1966ರಲ್ಲಿ, ಇರುವುದು ಇದೇ ಊರಿನ ವೇತಾಳ ಗುಡ್ಡದ ಮೇಲೆ. ಭೋಸರಿಯಲ್ಲೇ ಇರುವ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆಗೂ ಅಂಥ ಅಧಿಕಾರವಿದೆ. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ವ್ಯಾನು ಮಾಡುವವರು, ಅದರೊಳಗೆ ಮನೆ ಕಟ್ಟುವವರು, ಪರೀಕ್ಷೆ ಮಾಡುವವರು, ಮೂವರೂ ಒಂದೇ ಊರಿನಲ್ಲಿರುವುದು ಕೊಳ್ಳುವವರ ಭಾಗ್ಯ. ಆದರೂ ಇಲ್ಲಿ ಹಣ ಕೊಡುವವರು ಎಷ್ಟೋ ಸಲ ನೋಡುವುದು ಒಳಗಿನ ಸನ್‌ಮೈಕಾದ ಹೊಳಪನ್ನು.

ಕ್ಯಾರವಾನ್ ಎಂಬುದು ಒಬ್ಬರು ಮಾಡಿದ ವಸ್ತುವಲ್ಲ. ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು. ಫ್ರಿಜ್ಜು, ಏಸಿ, ಇನ್ವರ್ಟರ್, ನೀರಿನ ಪಂಪು ಒಂದೊಂದೂ ಬೇರೆ ಬೇರೆ ಕಂಪನಿಯದು, ಒಂದೊಂದರ ವಾರಂಟಿಯೂ ಬೇರೆ. ಮೊದಲ ಮಳೆಗಾಲದಲ್ಲಿ ತಾಮ್ಹಿಣಿ ಘಾಟಿಯ ಮಳೆ ಹೊಡೆದು ಛಾವಣಿ ಸೋರಿತು, ನೀರು ಇಳಿದು ಇನ್ವರ್ಟರ್ ಸುಟ್ಟಿತು ಎನ್ನಿ. ಇನ್ವರ್ಟರಿನವರು ‘ನೀರು ತಾಗಿದರೆ ವಾರಂಟಿ ಇಲ್ಲ’ ಎನ್ನುತ್ತಾರೆ. ಬಾಡಿಯವರು ‘ಏಸಿ ಕೂರಿಸುವಾಗ ಛಾವಣಿ ಕೊರೆದವರನ್ನು ಕೇಳಿ’ ಎನ್ನುತ್ತಾರೆ. ವ್ಯಾನಿನವರು ತಮ್ಮ ಛಾವಣಿಯನ್ನು ಯಾರೇ ಕೊರೆದರೂ ಹೊಣೆ ತಮ್ಮದಲ್ಲ ಎನ್ನುತ್ತಾರೆ. ಮೂವರ ಮಾತೂ ಅವರವರ ಮಟ್ಟಿಗೆ ನಿಜ, ಅದೇ ಕಷ್ಟ. ಹಾಗಾಗಿ ಡೀಲರ್ ಎಂದರೆ ಬರೀ ಮಾರಾಟಗಾರನಲ್ಲ. ಈ ಚದುರಿದ ಹೊಣೆಗಳನ್ನೆಲ್ಲ ತನ್ನ ಹೆಸರಿಗೆ ಬರೆಸಿಕೊಳ್ಳುವವನು. ಹಾಗೆ ಬರೆಸಿಕೊಳ್ಳಲು ಒಪ್ಪುತ್ತಾನೋ ಇಲ್ಲವೋ ಎಂಬುದೇ ಅವನ ಮೇಲಿನ ನಂಬಿಕೆಗೆ ಇರುವ ಪರೀಕ್ಷೆ. ನನ್ನ ಮಟ್ಟಿಗೆ ಉಳಿದ ಯಾವ ಗುಣವೂ ಇದಕ್ಕೆ ಸಮವಲ್ಲ.

ಮೇಲಿನ ಕಂಪನಿ ದೊಡ್ಡದಿದೆ, ಡೀಲರ್ ಹೇಗಿದ್ದರೇನು ಎಂಬ ಧೈರ್ಯವೂ ಕೆಲವರಲ್ಲಿ ಕಾಣುತ್ತದೆ. ಆದರೆ ಗೋವಾದ ಗ್ರಾಹಕರೊಬ್ಬರಿಗೆ 2011ರ ಮಾದರಿ ಎಂದು ಹೇಳಿ 2009ರಲ್ಲಿ ತಯಾರಾದ ಕಾರನ್ನು ಕೊಟ್ಟ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2021ರ ಫೆಬ್ರವರಿಯಲ್ಲಿ ಬಂದ ತೀರ್ಪಿನ ಸಾರ ಇಷ್ಟು: ತಯಾರಕ ಮತ್ತು ಡೀಲರ್ ನಡುವೆ ಇರುವುದು ಸ್ವತಂತ್ರ ವ್ಯಾಪಾರಿಗಳ ಸಂಬಂಧ, ತನಗೆ ತಿಳಿಯದೆ ಡೀಲರ್ ಮಾಡಿದ ತಪ್ಪಿಗೆ ತಯಾರಕನನ್ನು ಹೊಣೆ ಮಾಡಲಾಗದು. ದೊಡ್ಡ ಹೆಸರಿನ ಕಾರಿನ ಕಥೆಯೇ ಹೀಗಾದರೆ, ಹೆಸರೇ ಇಲ್ಲದ ಶೆಡ್ಡಿನಲ್ಲಿ ಕಟ್ಟಿದ ಕ್ಯಾರವಾನ್ ಬಗ್ಗೆ ಹೇಳುವುದೇನಿದೆ?

ಕಾಗದಗಳ ಮಾತು ಬೇಸರ ತರಿಸುತ್ತದೆ, ಆದರೆ ಬಿಡುವಂತಿಲ್ಲ. ಬಾಡಿಯನ್ನು ಪ್ರತ್ಯೇಕವಾಗಿ ಕಟ್ಟಿದ ವಾಹನಕ್ಕೆ ನಮೂನೆ 22-ಎ ಎಂಬ ಪ್ರಮಾಣಪತ್ರವಿರುತ್ತದೆ. ಅದರ ಮೊದಲ ಭಾಗಕ್ಕೆ ಸಹಿ ಹಾಕುವವನು ವಾಹನ ತಯಾರಕ, ಎರಡನೆಯದಕ್ಕೆ ಬಾಡಿ ಕಟ್ಟಿದವನು. ಎರಡನೆಯ ಸಹಿ ಯಾರದೆಂದು ನೋಡಿದರೆ ನಿಮ್ಮ ಮನೆಯನ್ನು ನಿಜವಾಗಿ ಕಟ್ಟಿದವರು ಯಾರೆಂದು ತಿಳಿಯುತ್ತದೆ. ಮೋಟರು ವಾಹನ ಕಾಯ್ದೆಯ 52ನೇ ಕಲಮು ತಯಾರಕನು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಎತ್ತಿಹಿಡಿದಿದೆ. ‘ಮೊದಲು ಪ್ಯಾಸೆಂಜರ್ ವ್ಯಾನೆಂದು ರಿಜಿಸ್ಟರ್ ಮಾಡಿಸೋಣ, ಆಮೇಲೆ ಒಳಗೆ ಹಾಸಿಗೆ ಹಾಕೋಣ, ಆರ್‌ಟಿಓ ನಾನು ನೋಡ್ಕೋತೀನಿ’ ಎನ್ನುವವನು ಉಪಕಾರ ಮಾಡುತ್ತಿಲ್ಲ. ನಾಳೆ ಅಪಘಾತವಾದರೆ ವಿಮಾ ಕಂಪನಿಗೆ ಕ್ಲೇಮು ನಿರಾಕರಿಸಲು ಕಾರಣ ಒದಗಿಸುತ್ತಿದ್ದಾನೆ. ಕಾರಿನ ಹಿಂದೆ ಎಳೆಯುವ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಸ್ವಂತಕ್ಕಾದರೆ ಬಿಳಿ ಫಲಕ, ಚಾಲಕನೊಡನೆ ಬಾಡಿಗೆಗೆ ಕೊಡುವುದಾದರೆ ಹಳದಿ ಎಂಬುದನ್ನು ಕೇಳುವ ಮೊದಲೇ ಹೇಳುವ ಡೀಲರ್ ಸಿಕ್ಕರೆ ಅವನ ಹತ್ತಿರ ಇನ್ನೊಂದು ಗಂಟೆ ಕೂರಬಹುದು.

ಪುಣೆಯ ಅಂಗಡಿಯವರ ಒರಟುತನ ಮಹಾರಾಷ್ಟ್ರಕ್ಕೆಲ್ಲ ಪ್ರಸಿದ್ಧ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಮುಚ್ಚುತ್ತಿದ್ದ ಮಿಠಾಯಿ ಅಂಗಡಿಯ ಚಿತಳೆ ಬಂಧುಗಳನ್ನು ಕುರಿತ ನಗೆಹನಿಗಳಿಗೆ ಲೆಕ್ಕವಿಲ್ಲ, ‘ನಮಗೆ ಬೇರೆಲ್ಲೂ ಶಾಖೆಯಿಲ್ಲ’ ಎಂಬ ಅಂಗಡಿ ಫಲಕಗಳಿಗೂ. ಈ ವಿಷಯದಲ್ಲಿ ಮಾತ್ರ ನಾನು ಆ ಒರಟುತನದ ಪರ. ನಿಮ್ಮ ಕಾರು ಈ ಟ್ರೇಲರನ್ನು ಎಳೆಯಲಾರದು ಎನ್ನುವವನು ಒಂದು ಮಾರಾಟವನ್ನು ಕೈಯಾರೆ ಬಿಡುತ್ತಿದ್ದಾನೆ. ನೂರು ಲೀಟರಿನ ತೊಟ್ಟಿ ತುಂಬಿದರೆ ನೂರು ಕಿಲೋ, ಅದರ ಮೇಲೆ ಬ್ಯಾಟರಿ, ಪಾತ್ರೆ, ಹಾಸಿಗೆ, ಮಂದಿ. ಖಾಲಿ ತೂಕವನ್ನಷ್ಟೇ ಹೇಳಿ ಸುಮ್ಮನಾಗುವವನು ಸುಳ್ಳು ಹೇಳಿರುವುದಿಲ್ಲ, ಖಂಬಾಟ್ಕಿ ಘಾಟಿಯ ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಬೀಳುವ ಭಾರವನ್ನು ಮಾತ್ರ ಮುಚ್ಚಿಟ್ಟಿರುತ್ತಾನೆ. ಗಾಡಿ ತೂಗುವ ವೇಬ್ರಿಜ್ಜಿಗೆ ಹೋಗೋಣ ಎಂದರೆ ನಗುತ್ತಾ ಹೊರಡುವವನೂ ಇದ್ದಾನೆ, ಮುಖ ಸಿಂಡರಿಸುವವನೂ ಇದ್ದಾನೆ. ಛಾವಣಿಗೆ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡೋಣ ಎಂದಾಗಲೂ ಅಷ್ಟೇ.

ಹೊಣೆಯನ್ನು ಬರಹದಲ್ಲಿ ಕೇಳಬೇಕೆಂಬ ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾಗದ ಎಲ್ಲ ಸರಿಯಿದ್ದೂ ಮೋಸ ಮಾಡುವವರಿದ್ದಾರೆ; ಕಾಗದವೇ ಗೊತ್ತಿಲ್ಲದ ಭೋಸರಿಯ ಯಾವನೋ ಮೇಸ್ತ್ರಿ ಅಚ್ಚುಕಟ್ಟಾಗಿ ಬೆಸುಗೆ ಹಾಕಿ, ರಾತ್ರಿ ಫೋನ್ ಮಾಡಿದರೂ ಎದ್ದು ಬಂದಾನು. ಬರೆದುಕೊಟ್ಟವನೇ ಸಾಚಾ ಎಂದು ಹಿಡಿದರೆ ಇಂಥ ಕುಶಲಕರ್ಮಿಗಳು ಹೊರಗುಳಿಯುತ್ತಾರೆ, ದೊಡ್ಡ ಶೋರೂಮಿನವರಷ್ಟೇ ಉಳಿಯುತ್ತಾರೆ. ನಿಜ. ಆದರೆ ಮೇಸ್ತ್ರಿಯ ಒಳ್ಳೆಯತನ ಅವನ ಜೊತೆಗೇ ಇರುತ್ತದೆ. ಅವನು ಶೆಡ್ಡು ಮುಚ್ಚಿ ಊರಿಗೆ ಹೋದ ದಿನ ಅದೂ ಹೋಗುತ್ತದೆ. ಅಂಥವನಿಂದ ರಿಪೇರಿ ಮಾಡಿಸಿ, ಸಂತೋಷವಾಗಿ ಹೆಚ್ಚು ಕೂಲಿ ಕೊಡಿ. ಹೊಸ ಗಾಡಿ ಕೊಳ್ಳುವುದು ಬೇರೆ ಲೆಕ್ಕ.

ಬೆಳಗಾವಿ, ಧಾರವಾಡದ ಕಡೆಯಿಂದ ಪುಣೆಗೆ ಹೋಗಿ ಕೊಳ್ಳುವವರಿಗೆ ಇನ್ನೊಂದು ಮಾತು. ಬೆಳಗಾವಿಗೆ ಪುಣೆ ಮುನ್ನೂರು ಕಿಲೋಮೀಟರಿಗೂ ದೂರ. ಸೋರಿಕೆಯ ಗಾಡಿಯನ್ನು ಪ್ರತಿಸಲ ಅಷ್ಟು ದೂರ ಓಡಿಸುವುದು ಆಗದ ಕೆಲಸ. ರಿಪೇರಿ ಎಲ್ಲಿ, ಎಷ್ಟು ದಿನದಲ್ಲಿ, ಸಾಗಣೆಯ ಖರ್ಚು ಯಾರದು ಎಂಬುದು ಮುಂಗಡಕ್ಕೆ ಮೊದಲೇ ಬರಹದಲ್ಲಿರಲಿ. ಜಗಳಕ್ಕೆ ನಿಂತರೆ ಪುಣೆಯ ಕೋರ್ಟಿಗೇ ಅಲೆಯಬೇಕು ಎಂದು ಹೆದರಿಸಿದರೆ ನಂಬಬೇಡಿ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಊರಿನ ವ್ಯಾಪ್ತಿಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ಅವಧಿ ಎರಡು ವರ್ಷ. ಆ ದೂರಿಗೆ ಬೇಕಾಗುವುದು ಬಿಲ್ಲು, ನಮೂನೆ 22-ಎ ಮತ್ತು ವಾರಂಟಿಯ ಬರಹ. ಈ ಮೂರರ ಮಾದರಿಯನ್ನು ಮೊದಲೇ ತೋರಿಸಲು ಒಪ್ಪದವನ ಕೈಗೆ ಮುಂಗಡ ಕೊಡಬೇಡಿ, ಅವನು ನಿಮ್ಮ ಸ್ವಂತ ಸೋದರಮಾವನೇ ಆಗಿದ್ದರೂ.