ಹಸುವಿಗೆ ಹಬ್ಬದೂಟ ಬೇಡ

ಹಬ್ಬದ ಮಾರನೇ ದಿನ ಪಶುವೈದ್ಯರಿಗೆ ಬಿಡುವು ಇರುವುದಿಲ್ಲ. ಯುಗಾದಿಯಾಗಲಿ, ಗೌರಿ ಗಣೇಶವಾಗಲಿ, ಪಿತೃಪಕ್ಷವಾಗಲಿ, ಸಂಕ್ರಾಂತಿಯಾಗಲಿ, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಫೋನು ಶುರುವಾಗುತ್ತದೆ. "ಡಾಕ್ಟ್ರೇ, ಹಸು ರಾತ್ರಿಯಿಂದ ಮೇವು ಮುಟ್ಟಿಲ್ಲ. ಮೆಲುಕು ಹಾಕ್ತಿಲ್ಲ. ಸಗಣಿ ನೀರು ನೀರಾಗೈತೆ." ಏನು ಹಾಕಿದ್ರಿ ಅಂತ ಕೇಳಿದರೆ ಮೊದಲು ಬರುವ ಉತ್ತರ "ದಿನಾ ಹಾಕೋದೇ ಹಾಕಿದ್ದು" ಅಂತ. ಇನ್ನೊಂದು ಸಲ ಕೇಳಿದರೆ "ಒಂಚೂರು ಅನ್ನ ಮಿಕ್ಕಿತ್ತು" ಅಂತಾರೆ. ಕೊಟ್ಟಿಗೆಗೆ ಹೋಗಿ ಕಲಗಚ್ಚಿನ ಬಾನಿ ನೋಡಿದರೆ ಆ ಒಂಚೂರು ಅರ್ಧ ಬಕೆಟ್ ಆಗಿರುತ್ತದೆ. ಜೊತೆಗೆ ಒಬ್ಬಟ್ಟು, ಪಾಯಸ, ಹೂರಣದ ತಪ್ಪಲೆ ತೊಳೆದ ನೀರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಯುವ ಹಸುವಿಗೆ ಮಿಕ್ಕ ಅನ್ನ, ಹಬ್ಬದಡುಗೆ, ಕಲ್ಯಾಣ ಮಂಟಪದಿಂದ ಡ್ರಮ್ಮಿನಲ್ಲಿ ತರುವ ಮದುವೆ ಊಟ ಹಾಕುವ ರೂಢಿಯನ್ನು ನಾವು ಪೂರ್ತಿ ಬಿಡಬೇಕು. ಪೂಜೆ ಮಾಡಿ ಒಂದು ಬಾಳೆಹಣ್ಣು, ಒಂದು ಚೂರು ಬೆಲ್ಲ ಕೊಡಿ, ಬೇಡ ಅನ್ನುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಅದು ಹಸುವಿಗೆ ಮಾಡುವ ಉಪಚಾರ ಅಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಹಸುವಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡಬೇಕು. ಹಸುವಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲನೆಯದೇ ದೊಡ್ಡದು, ಸೀಮೆಹಸುವಿನದಾದರೆ ಡೇರಿಯ 40 ಲೀಟರಿನ ಹಾಲಿನ ಕ್ಯಾನು ಮೂರು ನಾಲ್ಕು ತುಂಬುವಷ್ಟು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕಿಕ್ಕಿರಿದಿರುತ್ತವೆ. ಅಲ್ಲಿನ ದ್ರವದ ಒಂದು ಮಿಲಿ ಲೀಟರಿನಲ್ಲಿ 1,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇರುತ್ತವೆ. ಜೊತೆಗೆ ಪ್ರೋಟೋಜೋವಾ, ಶಿಲೀಂಧ್ರ. ಹಸುವಿಗೆ ಸ್ವಂತವಾಗಿ ಹುಲ್ಲನ್ನು ಅರಗಿಸುವ ಶಕ್ತಿ ಇಲ್ಲ, ನಮಗೆ ಇಲ್ಲದ ಹಾಗೆಯೇ. ಹುಲ್ಲಿನ ನಾರನ್ನು ಒಡೆದು ಆಮ್ಲಗಳಾಗಿ ಮಾಡುವುದು ಈ ಜೀವಿಗಳು. ಆ ಆಮ್ಲಗಳನ್ನು ಹೊಟ್ಟೆಯ ಗೋಡೆ ಹೀರಿಕೊಂಡು ರಕ್ತಕ್ಕೆ ಸೇರಿಸುತ್ತದೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಪಾಲಿನಷ್ಟು ಹೀಗೇ ಬರುವುದು. ಕೊನೆಗೆ ಆ ಜೀವಿಗಳೇ ಮುಂದಿನ ಕೋಣೆಗಳಿಗೆ ಹರಿದು ಹೋಗಿ ಜೀರ್ಣವಾಗಿ ಹಸುವಿಗೆ ಪ್ರೋಟೀನ್ ಆಗುತ್ತವೆ. ಅಂದರೆ ನೀವು ಬೆಳಗ್ಗೆ ಗೋದಲಿಗೆ ಹಾಕುವ ರಾಗಿ ಹುಲ್ಲು ಮೊದಲು ಇವುಗಳ ಊಟ, ಆಮೇಲೆ ಹಸುವಿನದು.

ಈ ಜೀವಿಗಳಲ್ಲಿ ಒಂದೊಂದು ಗುಂಪಿಗೆ ಒಂದೊಂದು ಆಹಾರ. ನಾರು ತಿನ್ನುವ ಗುಂಪು ಬೇರೆ, ಪಿಷ್ಟ ತಿನ್ನುವ ಗುಂಪು ಬೇರೆ. ಇವತ್ತು ಯಾವ ಮೇವು ಹೆಚ್ಚೋ ಆ ಮೇವಿನ ಗುಂಪು ಹೆಚ್ಚಿರುತ್ತದೆ. ಮೇವು ಬದಲಾದರೆ ಗುಂಪುಗಳೂ ಬದಲಾಗಬೇಕು, ಅದಕ್ಕೆ ಎರಡು ಮೂರು ವಾರ ಬೇಕು.

ಈ ಮಾತು ಎಷ್ಟು ನಿಜ ಅನ್ನುವುದು ಹಿಮ ಬೀಳುವ ಉತ್ತರದ ದೇಶಗಳ ಕಾಡುಪ್ರಾಣಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ನಾರ್ವೆಯ ಹಿಮಸಾರಂಗವೂ ನಮ್ಮ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿ. ಚಳಿಗಾಲದಲ್ಲಿ ನೆಲದ ಮೇಲೆಲ್ಲ ಹಿಮ, ಹಸಿರು ಇರುವುದಿಲ್ಲ. ಆಗ ಅದು ಗೊರಸಿನಿಂದ ಹಿಮ ಕೆದಕಿ ಕಲ್ಲುಹೂವು ತಿನ್ನುತ್ತದೆ. ನಾವು ಮಸಾಲೆಗೆ ಹುರಿಯುತ್ತೇವಲ್ಲ, ಅದೇ ಬಳಗದ್ದು. ಆ ಕಡೆಯ ಹಲವು ಕಲ್ಲುಹೂವುಗಳಲ್ಲಿ ಉಸ್ನಿಕ್ ಆಮ್ಲ ಅನ್ನುವ ಕಹಿ ವಿಷ ಇರುತ್ತದೆ. ಹಿಮಸಾರಂಗದ ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಒಡೆದುಹಾಕುತ್ತವೆ ಅಂತ ನಾರ್ವೆಯ ವಿಜ್ಞಾನಿಗಳು ತೋರಿಸಿದ್ದಾರೆ. 2004ರ ಚಳಿಗಾಲದಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಕಲ್ಲುಹೂವು ಇದ್ದ ಜಾಗಕ್ಕೆ ಬಂದು ಅದನ್ನೇ ತಿಂದವು. ಅವಕ್ಕೆ ಅದು ದಿನದ ಮೇವಲ್ಲ. 300ಕ್ಕೂ ಹೆಚ್ಚು ಎಲ್ಕ್‌ಗಳು ಕಾಲು ಸ್ವಾಧೀನ ತಪ್ಪಿ ಬಿದ್ದು ಸತ್ತವು.

ಇನ್ನೊಂದು ನಮಗೆ ಇನ್ನೂ ಹತ್ತಿರದ ಉದಾಹರಣೆ. ಅದೇ ದೇಶದ ಉತ್ತರದ ರಾಜ್ಯಗಳಲ್ಲಿ ಕಾಡಿನ ಜಿಂಕೆಗಳು ಚಳಿಗಾಲವೆಲ್ಲ ಮರದ ಕಡ್ಡಿ, ಮೊಗ್ಗು, ತೊಗಟೆ ತಿಂದುಕೊಂಡು ಬಡಕಲಾಗಿ ಬದುಕುತ್ತವೆ. ಅವುಗಳ ಹೊಟ್ಟೆಯ ಜೀವಿಗಳೂ ಆ ಕಡ್ಡಿಗೆ ಒಗ್ಗಿರುತ್ತವೆ. ಅಯ್ಯೋ ಪಾಪ ಅಂತ ಜನ ಅವಕ್ಕೆ ಮುಸುಕಿನ ಜೋಳದ ಕಾಳು ಸುರಿಯುತ್ತಾರೆ. ಜಿಂಕೆ ಹೊಟ್ಟೆ ತುಂಬ ತಿನ್ನುತ್ತದೆ, ಒಂದೆರಡು ದಿನದಲ್ಲಿ ಸಾಯುತ್ತದೆ. 2015ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸೌತ್ ಹ್ಯಾಂಪ್ಟನ್ ಅನ್ನುವ ಊರಲ್ಲಿ ಹೀಗೆ 12 ಜಿಂಕೆ ಸತ್ತು ಬಿದ್ದಿದ್ದವು. ಹೊಟ್ಟೆ ತುಂಬಿದ್ದರೂ ಸತ್ತಿದ್ದವು. ಜಿಂಕೆಗೆ ಮೇವು ಹಾಕಬೇಡಿ ಅಂತ ಅಲ್ಲಿನ ವನ್ಯಜೀವಿ ಇಲಾಖೆಗಳು ಜನರನ್ನು ಈಗಲೂ ಬೇಡಿಕೊಳ್ಳುತ್ತವೆ.

ನಮ್ಮ ಕೊಟ್ಟಿಗೆಯಲ್ಲಿ ನಡೆಯುವುದೂ ಇದೇ. ದೋಸೆ ಹಿಟ್ಟನ್ನು ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಉಬ್ಬಿ ಹುಳಿಯಾಗಿರುತ್ತದೆ. ಹಸುವಿನ ಹೊಟ್ಟೆ ದೋಸೆ ಹಿಟ್ಟಿನ ಪಾತ್ರೆಗಿಂತ ಬೆಚ್ಚಗೆ, ಸುಮಾರು 39 ಡಿಗ್ರಿ. ಬೆಂದ ಅನ್ನ ಅಲ್ಲಿಗೆ ಹೋದರೆ ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಇವು ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ನೆಂಟರೇ. ಕೆಲವೇ ಗಂಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಆ ಹುಳಿಗೆ ನಾರು ಅರಗಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಹೊಟ್ಟೆ ಕದಲುವುದು ನಿಲ್ಲುತ್ತದೆ. ಮೈನೀರೆಲ್ಲ ಹೊಟ್ಟೆಗೆ ಇಳಿದು ಕಣ್ಣು ಗುಳಿಬೀಳುತ್ತದೆ. ಆಮ್ಲ ರಕ್ತಕ್ಕೆ ಸೇರಿದರೆ ಹಸು ತೂರಾಡಿ ಮಲಗಿಬಿಡುತ್ತದೆ. ಮಲಗಿದ ಮೇಲೆ ನಾವು ಹೋದರೆ ಎಷ್ಟೋ ಸಲ ಉಳಿಸಲು ಆಗುವುದಿಲ್ಲ. ಉಳಿದರೂ ಕೆಲವು ವಾರದ ಮೇಲೆ ಗೊರಸು ನೋವಾಗಿ ಕುಂಟುತ್ತದೆ, ಆ ಸೂಲಿನ ಹಾಲು ಮೊದಲಿನ ಮಟ್ಟಕ್ಕೆ ಬರುವುದು ಕಷ್ಟ. ಎಪ್ಪತ್ತು ಎಂಬತ್ತು ಸಾವಿರದ ಹಸು, ಸಂಘದ ಸಾಲದ್ದೋ ಸ್ವಸಹಾಯ ಗುಂಪಿನ ಸಾಲದ್ದೋ ಆಗಿರುತ್ತದೆ. ಹೋದದ್ದು ಅರ್ಧ ಬಕೆಟ್ ಅನ್ನಕ್ಕೆ.

ಅನ್ನ ಒಂದೇ ಅಲ್ಲ. ಅರಕಲಗೂಡು ಕಡೆ ಹಲಸಿನ ಕಾಲದಲ್ಲಿ ಮರದಡಿ ಬಿದ್ದ ಹಣ್ಣು ತಿಂದ ಹಸುಗಳು ಬರುತ್ತವೆ. ಚನ್ನರಾಯಪಟ್ಟಣ ಕಡೆ ಕಣದ ಕಾಲದಲ್ಲಿ ಹಗ್ಗ ಬಿಚ್ಚಿಕೊಂಡು ರಾಗಿ ರಾಶಿಗೆ ಬಾಯಿ ಹಾಕಿದವು. ಹಾಸನದ ಸುತ್ತ ಆಲೂಗಡ್ಡೆ ಬೆಲೆ ಬಿದ್ದಾಗ ಗೋಣಿಗಟ್ಟಲೆ ಗಡ್ಡೆ ತಂದು ಸುರಿದವರ ಹಸುಗಳು. ಹಸಿರು ತಿರುಗಿದ, ಮೊಳಕೆ ಬಂದ ಗಡ್ಡೆಯಲ್ಲಂತೂ ಬೇರೆ ವಿಷವೇ ಇರುತ್ತದೆ.

"ನಮ್ಮತ್ತೆ ಕಾಲದಿಂದ ಹಾಕ್ತಿದ್ದೀವಿ, ಆಗೇನೂ ಆಗ್ಲಿಲ್ಲ" ಅಂತ ಹೊಳೆನರಸೀಪುರದ ಕಡೆ ಒಬ್ಬರು ಅಮ್ಮ ನನ್ನ ಹತ್ತಿರ ವಾದ ಮಾಡಿದ್ದರು. ಅವರ ಮಾತು ಸುಳ್ಳಲ್ಲ. ಅವರತ್ತೆಯ ಕಾಲದ ನಾಟಿ ಹಸು ದಿನವೆಲ್ಲ ಮೇಯ್ದು ಬರುತ್ತಿತ್ತು. ಹಿಂಡಿ ಬೂಸಾ ಅದಕ್ಕೆ ಅಪರೂಪ. ಹಬ್ಬಕ್ಕೆ ಸಿಗುತ್ತಿದ್ದದ್ದು ಬಾಳೆ ಎಲೆಯ ಮೇಲೆ ಒಂದು ಹಿಡಿ ಅನ್ನ, ಯಾಕೆಂದರೆ ಮನೆಯವರಿಗೇ ಅನ್ನ ಅಪರೂಪವಾಗಿತ್ತು. ಇವತ್ತಿನ ಸೀಮೆಹಸು ಕಟ್ಟಿದ ಜಾಗದಲ್ಲೇ ಇರುತ್ತದೆ. ಹಾಲು ಹೆಚ್ಚಲಿ ಅಂತ ದಿನಕ್ಕೆ ಐದಾರು ಕಿಲೋ ಪಶು ಆಹಾರ ಈಗಾಗಲೇ ತಿನ್ನುತ್ತಿರುತ್ತದೆ. ಅದರ ಹೊಟ್ಟೆ ದಿನವೂ ಹುಳಿಯ ಅಂಚಿನಲ್ಲೇ ಇರುತ್ತದೆ. ಅದರ ಮೇಲೆ ಅನ್ನ ಬಿದ್ದರೆ ಅಂಚು ದಾಟುತ್ತದೆ.

ಸೀಮೆಹಸು ಅಂದ ಮೇಲೆ ಒಂದು ಮಾತು. ಎಚ್‌.ಎಫ್‌. ತಳಿಯ ಮೂಲ ನೆದರ್ಲೆಂಡ್ಸ್ ಮತ್ತು ಜರ್ಮನಿಯ ಉತ್ತರ ಭಾಗ, ಅದೂ ತಂಪು ಸೀಮೆಯೇ. ಕೃತಕ ಗರ್ಭಧಾರಣೆಯ ಕಡ್ಡಿಯಲ್ಲಿ ಆ ತಳಿಯ ಗುಣ ಬರುತ್ತದೆ, ಹೊಟ್ಟೆಯ ಜೀವಿಗಳು ಬರುವುದಿಲ್ಲ. ಹುಟ್ಟಿದ ಕರುವಿನ ಹೊಟ್ಟೆ ಹೆಚ್ಚುಕಡಿಮೆ ಖಾಲಿ. ತಾಯಿ ನೆಕ್ಕುವಾಗ, ಪಕ್ಕದ ಹಸು ಮೂಸುವಾಗ, ಒಂದೆರಡು ಎಳೆ ಹುಲ್ಲು ಬಾಯಿಗೆ ಹಾಕಿಕೊಳ್ಳುವಾಗ ನಮ್ಮ ಕೊಟ್ಟಿಗೆಯ ಜೀವಿಗಳೇ ಅದರ ಹೊಟ್ಟೆ ಸೇರುತ್ತವೆ. ಹಾಗಾಗಿ ಕರುವನ್ನು ತಾಯಿ ನೆಕ್ಕಲು ಬಿಡಿ, ಎರಡನೇ ವಾರದಿಂದ ಒಳ್ಳೆಯ ಒಣಹುಲ್ಲು ಮುಂದೆ ಇಡಿ ಅನ್ನುತ್ತೇವೆ. ಹೊಟ್ಟೆಯ ಜೀವಿಗಳನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸಬಹುದು ಅನ್ನುವುದು ಹಳೆಯ ತಿಳಿವಳಿಕೆ. ಸ್ವೀಡನ್ ದೇಶದ ಹಳ್ಳಿಗರು ಮೆಲುಕು ನಿಂತ ಹಸುವಿಗೆ ಗಟ್ಟಿ ಹಸುವಿನ ಬಾಯಿಂದ ಮೆಲುಕು ತೆಗೆದು ತಿನ್ನಿಸುತ್ತಿದ್ದರು. ನಾವೂ ಕೆಲವು ಸಲ ಆರೋಗ್ಯವಾಗಿರುವ ಹಸುವಿನ ಹೊಟ್ಟೆಯ ದ್ರವ ತೆಗೆದು ಕಾಯಿಲೆ ಹಸುವಿಗೆ ಕೊಳವೆಯಲ್ಲಿ ಬಿಡುತ್ತೇವೆ. ಸುಬಾಬುಲ್ ಸೊಪ್ಪಿನ ಕಥೆ ಕೇಳಿ. ಅದರಲ್ಲಿರುವ ಮಿಮೋಸಿನ್ ವಿಷದಿಂದ ಆಸ್ಟ್ರೇಲಿಯಾದ ದನಗಳು ಸೊರಗುತ್ತಿದ್ದವು, ಹವಾಯಿ ದ್ವೀಪದ ಆಡುಗಳು ಅದೇ ಸೊಪ್ಪು ತಿಂದು ಚೆನ್ನಾಗಿದ್ದವು. ರೇಮಂಡ್ ಜೋನ್ಸ್ ಅನ್ನುವ ವಿಜ್ಞಾನಿ 1980ರ ದಶಕದಲ್ಲಿ ಹವಾಯಿಯ ಆಡಿನ ಹೊಟ್ಟೆಯ ಜೀವಿಗಳನ್ನು ಆಸ್ಟ್ರೇಲಿಯಾಕ್ಕೆ ತರಿಸಿ ಅಲ್ಲಿನ ದನಗಳಿಗೆ ಕೊಡಿಸಿದರು, ತೊಂದರೆ ನಿಂತಿತು. ಆ ಬ್ಯಾಕ್ಟೀರಿಯಾಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ಡೇರಿಯ ಚೀಟಿಯ ವಿಷಯ. "ಹಾಲು ಬರ್ತದೆ, ಫ್ಯಾಟ್ ಬರ್ತಿಲ್ಲ" ಅನ್ನುವ ದೂರು ನಾಲ್ಕೂ ತಾಲ್ಲೂಕಿನಲ್ಲಿ ಇದೆ. ಜಿಡ್ಡಿನಂಶ ಆಗುವುದು ಬಹುಪಾಲು ನಾರಿನಿಂದ ಬರುವ ಆಮ್ಲದಿಂದ. ಒಣಹುಲ್ಲು ಕಡಿಮೆ ಮಾಡಿ, ಹಿಟ್ಟು, ಅನ್ನ, ಗಂಜಿ ಹೆಚ್ಚು ಮಾಡಿದರೆ ಫ್ಯಾಟ್ ಇಳಿಯುತ್ತದೆ. ಫ್ಯಾಟ್ ಇಳಿಯಿತು ಅಂತ ಇನ್ನೊಂದು ಸೇರು ಹಿಟ್ಟು ಹಾಕಿದರೆ ಮತ್ತೂ ಇಳಿಯುತ್ತದೆ. ಮೊದಲು ಒಣಹುಲ್ಲು, ಆಮೇಲೆ ಪಶು ಆಹಾರ. ಅದನ್ನೂ ಒಂದೇ ಸಲ ಸುರಿಯದೆ ಎರಡು ಮೂರು ಸಲ ಹಂಚಿ ಹಾಕಿ. ಮೆಲುಕು ಹಾಕಿದಷ್ಟೂ ಜೊಲ್ಲು ಇಳಿಯುತ್ತದೆ. ದಿನಕ್ಕೆ 100 ಲೀಟರಿಗೂ ಮೀರಿ ಇಳಿಯುವ ಆ ಜೊಲ್ಲಿನಲ್ಲಿ ಅಡುಗೆ ಸೋಡದ ಅಂಶವೇ ಇರುತ್ತದೆ, ಹೊಟ್ಟೆಯ ಹುಳಿಯನ್ನು ಅದು ತಡೆಯುತ್ತದೆ.

ಈಗ ನಾನು ಬಹಳ ದಿನದಿಂದ ಹೇಳಬೇಕು ಅಂದುಕೊಂಡ ಮಾತು. ನಮ್ಮ ಮನೆಗಳಲ್ಲಿ ಮೂಟೆ ತರುವವರು ಒಬ್ಬರು, ತಿನ್ನಿಸುವವರು ಇನ್ನೊಬ್ಬರು. ಪೇಟೆಯಲ್ಲಿ ಯಾವುದೋ ಅಂಗಡಿಯವನು ಐವತ್ತು ರೂಪಾಯಿ ಕಡಿಮೆಗೆ ಕೊಡುತ್ತಾನೆ ಅಂತ ಯಜಮಾನರು ಹೊಸ ಕಂಪನಿಯ ಮೂಟೆ ಹೊತ್ತು ತರುತ್ತಾರೆ. ಹಳೆಯದು ನಿನ್ನೆಗೇ ಮುಗಿದಿರುತ್ತದೆ. ಇವತ್ತಿನಿಂದ ಪೂರ್ತಿ ಹೊಸದು. ಹಸು ಎರಡು ದಿನ ಮೇವು ಬಿಟ್ಟರೆ, ಹಾಲು ಇಳಿದರೆ, ಬೈಸಿಕೊಳ್ಳುವವರು ನೀವು. ಮುಂಗಾರು ಬಿದ್ದ ಜೂನ್ ತಿಂಗಳಲ್ಲಿ ಒಣಹುಲ್ಲು ನಿಲ್ಲಿಸಿ ಎಳೆ ಹಸಿರು ಒಟ್ಟಿಗೇ ತಂದು ಹಾಕುವುದೂ ಹೀಗೇ. ಹಸುವಿನ ಬಾನಿಗೆ ಏನು ಬೀಳಬೇಕು ಅನ್ನುವುದನ್ನು ಅದಕ್ಕೆ ಕೈಹಾಕುವವರೇ ತೀರ್ಮಾನಿಸಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಈ ಮಾತು ನಡೆಯದಿದ್ದರೆ ಸಂಘದಲ್ಲಿ ಶುರು ಮಾಡಿ. ಮಹಿಳಾ ಡೇರಿಗಳಲ್ಲಿ ಆಡಳಿತ ಮಂಡಳಿ ನಿಮ್ಮದೇ. ಹಾಸನದಲ್ಲೇ ಕೆಎಂಎಫ್ ಪಶು ಆಹಾರ ಕಾರ್ಖಾನೆ ಇದೆ. ದಾಸ್ತಾನು ಮುಗಿಯುವ ವಾರ ಮೊದಲೇ ಬೇಡಿಕೆ ಕಳಿಸುವಂತೆ ಕಾರ್ಯದರ್ಶಿಗೆ ಹೇಳಿ, ಸಭೆಯ ಪುಸ್ತಕದಲ್ಲಿ ಬರೆಸಿ. ಸಂಘದಲ್ಲಿ ಆಹಾರ ಸಿಗದ ವಾರವೇ ಬೇರೆ ಮೂಟೆ ಮನೆಗೆ ಬರುವುದು.

ಬದಲಾಯಿಸಲೇಬೇಕಾದರೆ ಹಳೆಯದು ಒಂದು ವಾರಕ್ಕೆ ಆಗುವಷ್ಟು ಇರುವಾಗಲೇ ಹೊಸದನ್ನು ತನ್ನಿ. ಮೊದಲ ಮೂರು ನಾಲ್ಕು ದಿನ ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹಸಿರು ಮೇವಿಗೂ ಇದೇ ಲೆಕ್ಕ. ಬಾಯಿಗೆ ಹಾಕುವ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ನೀವೇ ತಂದು ನುಂಗಿಸಬೇಡಿ, ಅವು ಹೊಟ್ಟೆಯ ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತವೆ.

ಆದರೂ ಹಸು ಅನ್ನವನ್ನೋ ಕಾಳನ್ನೋ ಜಾಸ್ತಿ ತಿಂದದ್ದು ಗೊತ್ತಾದರೆ, ಅದು ಚೆನ್ನಾಗಿಯೇ ನಿಂತಿದ್ದರೂ, ಆಗಲೇ ಫೋನು ಮಾಡಿ. ಕಾಯಿಲೆ ಕಾಣಿಸಿಕೊಳ್ಳಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ, ನಮಗೆ ಕೆಲಸ ಮಾಡಲು ಇರುವ ಸಮಯ ಅದೇ. ಉಳಿದ ಕಾಳು ಹಿಟ್ಟನ್ನೆಲ್ಲ ಮುಂದಿನಿಂದ ತೆಗೆದು ಒಣಹುಲ್ಲು ಮಾತ್ರ ಇಡಿ. ಅಡುಗೆ ಸೋಡ ಎಷ್ಟು, ಹೇಗೆ ಕೊಡಬೇಕು ಅನ್ನುವುದನ್ನು ಹಸುವಿನ ತೂಕ ನೋಡಿ ವೈದ್ಯರೇ ಹೇಳುತ್ತಾರೆ. ಮಲಗಿದ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಮತ್ತೆ ವೈದ್ಯರು ಏನು ತಿಂತು ಅಂತ ಕೇಳಿದಾಗ ಮೊದಲನೇ ಸಲವೇ ನಿಜ ಹೇಳಿ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಟ್ಟರೆ, ಜ್ವರಕ್ಕೋ ಹೊಟ್ಟೆ ಉಬ್ಬರಕ್ಕೋ ಔಷಧಿ ಕೊಟ್ಟು ಎರಡು ಗಂಟೆ ಕಳೆದುಹೋಗುತ್ತದೆ.